ಓದುಗರ ಪ್ರಶ್ನೆ, ನಮ್ಮ ಉತ್ತರ: ಯಾರ್ಕ್‌ಶೈರಿನ ಬಂಡೆಗಳ ಮೇಲಿನ ಬಟ್ಟಲುಗುಳಿಗಳು

ಕಳೆದ ಸಂಚಿಕೆಯಲ್ಲಿ ಉತ್ತರ ಇಂಗ್ಲೆಂಡಿನ ಇಲ್ಕ್ಲಿ ಪಟ್ಟಣದ ಮೇಲಿರುವ ಬೆಟ್ಟದ ಬಯಲಿನ ಒಂದು ಬಂಡೆಯ ಛಾಯಾಚಿತ್ರವನ್ನು ಪ್ರಕಟಿಸಿದ್ದೆವು. ಅಂಗೈಯನ್ನು ಮಡಿಸಿದಾಗ ಆಗುವ ತಗ್ಗಿನಷ್ಟು ಆಳದ ಹತ್ತಾರು ಗುಳಿಗಳೂ, ಕೆಲವು ಗುಳಿಗಳ ಸುತ್ತ ಒಂದರ ಹೊರಗೊಂದು ಕೊರೆದ ಉಂಗುರಗಳೂ ಆ ಬಂಡೆಯ ಮೇಲಿದ್ದವು. ಆ ಚಿತ್ರವನ್ನು ನೋಡಿ ಅನೇಕರು ಪತ್ರ ಬರೆದಿದ್ದಾರೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಲೀಡ್ಸ್ ನಗರದಲ್ಲಿ ಕೆಲಸದಲ್ಲಿದ್ದೇನೆ. ಊರಿನಿಂದ ಬಂದಿದ್ದ ಅಪ್ಪ, ಅಮ್ಮ ಇಬ್ಬರನ್ನೂ ಇಲ್ಕ್ಲಿ ಮೂರ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಂಡ ಗುಳಿಗಳನ್ನು ನೋಡಿ ಅಪ್ಪ, ‘ಇವು ಮಳೆನೀರು ನಿಂತು ಆದವು, ಮನುಷ್ಯ ಮಾಡಿದವಲ್ಲ’ ಎಂದರು. ಯಾವುದು ಸರಿ?

ಉತ್ತರ: ತಮ್ಮ ತಂದೆಯವರ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಆ ಬಯಲಿನಲ್ಲಿ ಎರಡು ಬಗೆಯ ಗುಳಿಗಳೂ ಇವೆ. ಕೆಲವು ಸಲ ಒಂದೇ ಬಂಡೆಯ ಮೇಲೆ ಎರಡೂ ಇರುತ್ತವೆ. ಇಲ್ಕ್ಲಿ ಮೂರ್ ಎಂದು ಜನ ಕರೆಯುವುದು ರೋಂಬಾಲ್ಡ್ಸ್ ಮೂರ್ ಎಂಬ ದೊಡ್ಡ ಬಯಲಿನ ಒಂದು ಭಾಗ. ಉತ್ತರಕ್ಕೆ ವಾರ್ಫ್ ನದಿಯ ಕಣಿವೆ, ದಕ್ಷಿಣಕ್ಕೆ ಏರ್ ನದಿಯ ಕಣಿವೆ. ಇವೆರಡರ ನಡುವೆ ಎದ್ದು ನಿಂತಿರುವ ಈ ಬಯಲಿನ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 402 ಮೀಟರ್ ಮೇಲಿದೆ. ಅಲ್ಲಿನ ಕಲ್ಲು ಮಿಲ್‌ಸ್ಟೋನ್ ಗ್ರಿಟ್ ಎಂಬ ಒರಟು ಮರಳುಗಲ್ಲು. ಹಿಂದೆ ಅದರಿಂದ ಬೀಸುವ ಕಲ್ಲುಗಳನ್ನು ಕಡೆಯುತ್ತಿದ್ದುದರಿಂದಲೇ ಆ ಹೆಸರು ಬಂದಿದೆ. ಈ ಕಲ್ಲಿನೊಳಗೆ ಬೆಣಚುಕಲ್ಲಿನ ಸಣ್ಣ ಹರಳುಗಳು ಹುದುಗಿರುತ್ತವೆ. ಹರಳು ಕಳಚಿಬಿದ್ದ ಜಾಗದಲ್ಲಿ ಗುಳಿಯೊಂದು ಉಳಿಯುತ್ತದೆ. ನೀರು ನಿಂತು, ಹಿಮಗಟ್ಟಿ, ಮತ್ತೆ ಕರಗಿ ಕಲ್ಲು ಸವೆದಲ್ಲಿ ಅಗಲವಾದ ಬೋಗುಣಿಗಳೂ ಆಗುತ್ತವೆ.

ಮನುಷ್ಯ ಮಾಡಿದ ಬಟ್ಟಲುಗುಳಿಗೆ ಬೇರೆ ಲಕ್ಷಣಗಳಿವೆ. ಅದರ ಅಗಲ ಸಾಮಾನ್ಯವಾಗಿ ಮೂರರಿಂದ ಹತ್ತು ಸೆಂಟಿಮೀಟರ್ ಇರುತ್ತದೆ, ಆಳ ಒಂದೆರಡು ಸೆಂಟಿಮೀಟರ್; ಬಾಯಿ ದುಂಡಗೆ, ತಳ ನುಣುಪಾಗಿ ಬಟ್ಟಲಿನಂತೆ ಬಾಗಿರುತ್ತದೆ. ನೀರಿನಿಂದಾದ ಬೋಗುಣಿಯ ಅಂಚು ಅಡ್ಡಾದಿಡ್ಡಿಯಾಗಿರುತ್ತದೆ, ಒಂದು ಬದಿಯಲ್ಲಿ ನೀರು ಹರಿದುಹೋಗುವ ಕಂಡಿಯೂ ಸಾಮಾನ್ಯವಾಗಿ ಇರುತ್ತದೆ. ಗುಳಿಯ ಸುತ್ತ ಉಂಗುರವಿದ್ದರೆ, ಅಥವಾ ಗುಳಿಯಿಂದ ಹೊರಟ ತೋಡೊಂದು ಉಂಗುರಗಳನ್ನು ಸೀಳಿಕೊಂಡು ಹೊರಗೆ ಬಂದಿದ್ದರೆ, ಅದು ಮನುಷ್ಯನ ಕೈಕೆಲಸವೆಂದು ಹೇಳಲು ಅಡ್ಡಿಯಿಲ್ಲ. ಮುಂದಿನ ಸಲ ಸಂಜೆ, ಸೂರ್ಯ ಇಳಿಯುವ ಹೊತ್ತಿಗೆ ಹೋಗಿ. ನಡುಹಗಲಿನ ಬೆಳಕಿನಲ್ಲಿ ಬರಿಯ ಒರಟು ಕಲ್ಲಾಗಿ ಕಾಣುವ ಮೈಯ ಮೇಲೆ, ಓರೆಬಿಸಿಲು ಬಿದ್ದ ಕೂಡಲೇ ಪ್ರತಿಯೊಂದು ಗುಳಿಯೂ ನೆರಳು ತುಂಬಿಕೊಂಡು ಎದ್ದು ಬರುತ್ತದೆ. ಮೋಡ ಕವಿದಿದ್ದರೆ ಟಾರ್ಚನ್ನು ಕಲ್ಲಿನ ಮೈಗೆ ಸಮನಾಗಿ ಹಿಡಿದರೂ ಸಾಕು. ತಮ್ಮ ತಂದೆಯವರಿಗೆ ಆ ಬೆಳಕಿನಲ್ಲಿ ಬ್ಯಾಡ್ಜರ್ ಸ್ಟೋನ್ ಎಂಬ ಬಂಡೆಯನ್ನು ತೋರಿಸಿ ನೋಡಿ.

ಪ್ರಶ್ನೆ: ಇವು ಎಷ್ಟು ಹಳೆಯವು, ಅದನ್ನು ಹೇಗೆ ಗೊತ್ತುಮಾಡುತ್ತಾರೆ? ಗಿಡಮರವೂ ಇಲ್ಲದ ಆ ಬೋಳು ಬಯಲಿನಲ್ಲಿ ಯಾರು ಬದುಕಿದ್ದರು? (ಶಿವಮೊಗ್ಗದ ಓದುಗರು)

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಇಂದು ನಮಗೆ ಕಾಣುವ ಬೋಳು ಬಯಲು, ಅದರ ಕಪ್ಪು ಪೀಟ್ ಮಣ್ಣು, ಆಗಸ್ಟ್ ತಿಂಗಳಲ್ಲಿ ನೇರಳೆ ಹೂ ಬಿಡುವ ಹೆದರ್ ಪೊದೆ, ಇವೆಲ್ಲ ಬಹುಮಟ್ಟಿಗೆ ಆ ಕೊರೆತಗಳ ನಂತರ ಬಂದವು. ನವಶಿಲಾಯುಗದ ಜನ ಅಲ್ಲಿ ಓಡಾಡುತ್ತಿದ್ದಾಗ ಆ ಎತ್ತರದಲ್ಲಿಯೂ ಕಾಡಿತ್ತು, ಕಾಡಿನ ನಡುವೆ ಬಯಲುಗಳಿದ್ದವು. ಮರ ಕಡಿದದ್ದು, ದನಕುರಿ ಮೇಯಿಸಿದ್ದು, ಹವೆ ತಂಪಾಗಿ ತೇವ ಹೆಚ್ಚಿದ್ದು, ಇವೆಲ್ಲ ಸೇರಿ ಮಣ್ಣಿನ ಸಾರ ಕಳೆದು, ಕೊಳೆಯದ ಸೊಪ್ಪುಕಡ್ಡಿ ಪದರ ಪದರವಾಗಿ ಕೂತು ಪೀಟ್ ಆಯಿತು. ಈ ಪೀಟ್ ಹೊದಿಕೆಯೇ ಎಷ್ಟೋ ಬಂಡೆಗಳನ್ನು ಸಾವಿರಾರು ವರ್ಷ ಮುಚ್ಚಿ ಕಾಪಾಡಿದೆ. ಮುಂದೆ ಉಳುಮೆಗೆ ಬಾರದ ನೆಲವಾಗಿ ಉಳಿದುದರಿಂದ ಇಲ್ಲಿ ಕೊರೆತಗಳು ಉಳಿದವು. ಕೆಳಗಿನ ಫಲವತ್ತಾದ ಕಣಿವೆಗಳಲ್ಲಿದ್ದವು ಗೋಡೆಗೂ ಮನೆಗೂ ಒಡೆದುಹೋಗಿರಬೇಕು. ಆದ್ದರಿಂದ ‘ಇವು ಬೆಟ್ಟದ ಬಯಲಿನ ಕಲೆ’ ಎಂದು ಹೇಳುವಾಗ, ಉಳಿದ ಜಾಗವನ್ನೇ ಹುಟ್ಟಿದ ಜಾಗವೆಂದು ತಿಳಿಯದಂತೆ ಎಚ್ಚರದಿಂದಿರಬೇಕು.

ಇನ್ನು ವಯಸ್ಸು. ಕಲ್ಲಿಗೆ ಕೊರೆದ ಗುಳಿಯನ್ನು ಇಂಗಾಲದ ವಿಧಾನದಿಂದ ನೇರವಾಗಿ ಅಳೆಯಲು ಬರುವುದಿಲ್ಲ, ಆ ವಿಧಾನಕ್ಕೆ ಬೇಕಾದ ಇದ್ದಿಲೂ ಅಲ್ಲಿಲ್ಲ, ಮೂಳೆಯೂ ಇಲ್ಲ. ಅಕ್ಕಪಕ್ಕದ ಸಾಕ್ಷ್ಯದಿಂದ ತೀರ್ಮಾನಿಸಬೇಕಾಗುತ್ತದೆ. ಸ್ಕಾಟ್ಲೆಂಡಿನ ಡಲ್ಲಾಡೀಸ್ ಎಂಬಲ್ಲಿ 1970ರ ದಶಕದ ಆರಂಭದಲ್ಲಿ ಉತ್ಖನನ ಮಾಡಿದ ಉದ್ದನೆಯ ಮಣ್ಣಿನ ಸಮಾಧಿಯಲ್ಲಿ ಬಟ್ಟಲುಗುಳಿಗಳಿದ್ದ ಕಲ್ಲೊಂದು ಸಿಕ್ಕಿತು. ಆ ಸಮಾಧಿ ಆರಂಭದ ನವಶಿಲಾಯುಗದ್ದು. ಇಂಗ್ಲೆಂಡಿನ ಉತ್ತರ ತುದಿಯ ಪ್ರಾಂತ್ಯವಾದ ನಾರ್ತಂಬರ್ಲೆಂಡಿನ ಹಂಟರ್‌ಹ್ಯೂ ಕ್ರ್ಯಾಗ್ ಎಂಬಲ್ಲಿ ಪುರಾತತ್ತ್ವಜ್ಞ ಕ್ಲೈವ್ ವ್ಯಾಡಿಂಗ್ಟನ್ 2004ರಲ್ಲಿ ನಡೆಸಿದ ಉತ್ಖನನ ನನಗೆ ಎಲ್ಲಕ್ಕಿಂತ ಹೆಚ್ಚು ಸ್ಪಷ್ಟವಾದ ಸಾಕ್ಷ್ಯವೆನಿಸುತ್ತದೆ. ಅಲ್ಲಿ ಮೊದಲಿಗೆ ಒಂದಷ್ಟು ಕೊರೆತಗಳಿದ್ದವು, ಅವು ಗಾಳಿಮಳೆಗೆ ಸವೆದಿದ್ದವು. ಆಮೇಲೆ ಯಾರೋ ಆ ಕೊರೆತಗಳನ್ನೇ ಕತ್ತರಿಸಿಕೊಂಡು ಬಂಡೆಯನ್ನು ಸೀಳಿ ತೆಗೆದಿದ್ದರು. ಹೊಸದಾಗಿ ತೆರೆದುಕೊಂಡ ಮೈಯ ಮೇಲೆ ಮತ್ತೆ ಕೊರೆದಿದ್ದರು. ಕೊನೆಗೆ ಕಂಚಿನ ಯುಗದ ಆರಂಭದಲ್ಲಿ ಅದರ ಮೇಲೆ ಕಲ್ಲುಗುಪ್ಪೆಯ ಸಮಾಧಿ ಕಟ್ಟಿದ್ದರು. ಒಂದು ಬಂಡೆಯ ಮೇಲೆ ಹಲವು ತಲೆಮಾರುಗಳ ನಡವಳಿಕೆ ಪದರ ಪದರವಾಗಿ ಉಳಿದಿರುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಕಡಿಮೆ. ಇಂಥ ಸಾಕ್ಷ್ಯಗಳನ್ನು ಸೇರಿಸಿ ನೋಡಿದಾಗ, ಬ್ರಿಟನ್ನಿನ ಬಟ್ಟಲುಗುಳಿಗಳ ಕಾಲ ಸುಮಾರು ಕ್ರಿ.ಪೂ. 3800ರಿಂದ ಕ್ರಿ.ಪೂ. 1500ರ ವರೆಗೆ ಹರಡಿದೆ ಎಂದು ವಿದ್ವಾಂಸರು ಹೇಳುತ್ತಾರೆ.

ಕೊರೆದದ್ದು ಹೇಗೆ ಎಂಬುದನ್ನು ಈ ಓದುಗರು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಲೋಹದ ಉಳಿ ಬೇಕಾಗಿರಲಿಲ್ಲ. ಬಂಡೆಗಿಂತ ಗಟ್ಟಿಯಾದ ಕೈಹಿಡಿಯಷ್ಟು ಕಲ್ಲಿನಿಂದ ಒಂದೇ ಜಾಗಕ್ಕೆ ಕುಟ್ಟುತ್ತ ಹೋದರೆ ಹರಳು ಹರಳಾಗಿ ಮರಳುಗಲ್ಲು ಉದುರುತ್ತದೆ. ಸ್ಕಾಟ್ಲೆಂಡಿನ ಬೆನ್ ಲಾಯರ್ಸ್ ಬೆಟ್ಟದ ಪಕ್ಕದಲ್ಲಿಯೂ, ಕಿಲ್‌ಮಾರ್ಟಿನ್ ಬಳಿಯ ಟಾರ್‌ಬ್ಲಾರೆನ್ ಎಂಬಲ್ಲಿಯೂ ಕೊರೆದ ಬಂಡೆಗಳ ಬುಡದಲ್ಲಿ ಅಗೆದಾಗ ಬೆಣಚುಕಲ್ಲಿನ ಚೂರುಗಳು ಸಿಕ್ಕಿವೆ. ಒಳ್ಳೆಯ ಮರಳುಗಲ್ಲಿನಲ್ಲಿ ಒಂದು ಗುಳಿ ಒಂದೇ ಕೂತಿನಲ್ಲಿ ಮುಗಿಯುವ ಕೆಲಸ. ಐದಾರು ಉಂಗುರಗಳ ಆಕೃತಿಯಾದರೆ ದಿನಗಟ್ಟಲೆ ತಾಳ್ಮೆ ಬೇಕು.

ಪ್ರಶ್ನೆ: ನಮ್ಮ ಕಡೆ ದೇವಸ್ಥಾನದ ಜಗಲಿಯ ಕಲ್ಲಿನಲ್ಲಿ ಚೆನ್ನೆಮಣೆಯ ಗುಳಿಗಳನ್ನು ಕೊರೆದಿರುತ್ತಾರೆ. ಇವೂ ಆಟದ ಗುಳಿಗಳೇ ಇರಬಹುದಲ್ಲವೇ? (ಪುತ್ತೂರಿನ ಓದುಗರು)

ಉತ್ತರ: ಇರಲಾರವು. ಚೆನ್ನೆಮಣೆಯಲ್ಲಾಗಲಿ, ಘಟ್ಟದ ಮೇಲಿನವರ ಅಳಗುಳಿಮಣೆಯಲ್ಲಾಗಲಿ ಗುಳಿಗಳು ಎರಡು ಸಾಲಾಗಿ, ಎದುರುಬದುರಾಗಿ, ಲೆಕ್ಕಕ್ಕೆ ಸರಿಯಾಗಿ ಇರಲೇಬೇಕು. ಇಲ್ಲದಿದ್ದರೆ ಆಟ ನಡೆಯುವುದಿಲ್ಲ. ರೋಂಬಾಲ್ಡ್ಸ್ ಮೂರ್‌ನ ಗುಳಿಗಳಿಗೆ ಅಂಥ ಲೆಕ್ಕವಿಲ್ಲ. ಎಷ್ಟೋ ಗುಳಿಗಳು ಇಳಿಜಾರಾದ ಮೈಯಲ್ಲಿವೆ, ಅಲ್ಲಿ ಹುಣಿಸೆಬೀಜವಾಗಲಿ ಮಂಜೊಟ್ಟಿಯಾಗಲಿ ನಿಲ್ಲದು. ಹೋಲಿಕೆಯಿಂದ ಅರ್ಥ ಹಿಡಿಯುವಾಗ ಎಲ್ಲಿ ಜಾರುತ್ತೇವೆ ಎಂಬುದಕ್ಕೆ ತಮ್ಮ ಪ್ರಶ್ನೆ ಒಳ್ಳೆಯ ಪ್ರವೇಶ, ಮುಂದಿನ ಉತ್ತರ ಅದನ್ನೇ ಕುರಿತದ್ದು.

ಪ್ರಶ್ನೆ: ಇವುಗಳ ಅರ್ಥವೇನು? ನಕ್ಷತ್ರಗಳ ನಕ್ಷೆ ಎಂದು ಒಬ್ಬರು, ಬಲಿಯ ರಕ್ತ ಹಿಡಿಯುವ ಬಟ್ಟಲು ಎಂದು ಇನ್ನೊಬ್ಬರು ಹೇಳುವುದನ್ನು ಕೇಳಿದ್ದೇನೆ. ತಜ್ಞರು ಒಂದು ನಿರ್ಧಾರಕ್ಕೆ ಬಂದಿಲ್ಲವೇ? (ಮೈಸೂರಿನ ಓದುಗರು, ಇದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳಿದ್ದಾರೆ)

ಉತ್ತರ: ಗೀಳು ಹಿಡಿದವರಂತೆ ಜನ ಈ ಪ್ರಶ್ನೆಯ ಬೆನ್ನು ಹತ್ತಿ 150 ವರ್ಷಕ್ಕೂ ಹೆಚ್ಚು ಕಾಲವಾಯಿತು. ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಅವರ ಹೆಸರನ್ನು ವೈದ್ಯಕೀಯ ಓದಿದವರು ಬಲ್ಲರು. ಹೆರಿಗೆಯ ನೋವಿಗೆ ಕ್ಲೋರೋಫಾರ್ಮನ್ನು 1847ರಲ್ಲಿ ಬಳಕೆಗೆ ತಂದವರು ಅವರೇ. ಅದೇ ಸಿಂಪ್ಸನ್ ಬಿಡುವು ಮಾಡಿಕೊಂಡು ಊರೂರು ತಿರುಗಿ, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಬಟ್ಟಲುಗುಳಿಗಳನ್ನು ಚಿತ್ರಗಳ ಸಮೇತ ವಿಂಗಡಿಸಿ 1867ರಲ್ಲಿ ಪುಸ್ತಕ ಮಾಡಿದರು. ಅದಕ್ಕೆ ಎರಡು ವರ್ಷ ಮೊದಲೇ, 1865ರಲ್ಲಿ, ನಾರ್ತಂಬರ್ಲೆಂಡಿನ ಕೊರೆತಗಳನ್ನು ಕುರಿತು ಜಾರ್ಜ್ ಟೇಟ್ ಬರೆದಿದ್ದರು. ಆಗಿನಿಂದ ಸೂರ್ಯಪೂಜೆ, ಸಮಾಧಿಯ ಗುರುತು, ಗಡಿಕಲ್ಲು, ಗಣಿಯ ಗುರುತು, ಹಾಲು ಎರೆಯುವ ಬಟ್ಟಲು, ಊರಿನ ನಕ್ಷೆ, ಬರಿಯ ಬೇಸರ ಕಳೆಯುವ ಕೆಲಸ ಹೀಗೆ ವಿವರಣೆಗಳು ಬೆಳೆಯುತ್ತಲೇ ಹೋದವು. ಸ್ಕಾಟ್ಲೆಂಡಿನ ರೊನಾಲ್ಡ್ ಮಾರಿಸ್ ಎಂಬ ವಕೀಲರು ಆ ವಿವರಣೆಗಳನ್ನೆಲ್ಲ ಕಲೆಹಾಕಿ 1979ರಲ್ಲಿ 104 ಬಗೆಯೆಂದು ಪಟ್ಟಿ ಮಾಡಿ, ಪ್ರತಿಯೊಂದೂ ಎಷ್ಟರ ಮಟ್ಟಿಗೆ ನಂಬಲರ್ಹ ಎಂದು ಅಂಕ ಕೊಟ್ಟರು. ಆಕ್ಸ್‌ಫರ್ಡಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಅಲೆಕ್ಸಾಂಡರ್ ಥಾಮ್ ಅವರು ಉಂಗುರಗಳನ್ನು ಅಳೆದು, ಅವನ್ನು ಕೊರೆದವರು ಸುಮಾರು 2.07 ಸೆಂಟಿಮೀಟರಿನ ಒಂದು ಖಚಿತ ಅಳತೆಯನ್ನು ಬಳಸುತ್ತಿದ್ದರು ಎಂದರು. ಕೈಯಿಂದ ಕುಟ್ಟಿ ಮಾಡಿದ, ಗಾಳಿಮಳೆಗೆ ಸವೆದ ಉಂಗುರದ ಅಂಚಿನಲ್ಲಿ ಅಷ್ಟು ನಿಖರತೆಯನ್ನು ಹುಡುಕುವುದನ್ನು ಇಂದಿನ ಪುರಾತತ್ತ್ವಜ್ಞರು ಒಪ್ಪುವುದಿಲ್ಲ, ನಾನೂ ಒಪ್ಪಲಾರೆ.

ನಕ್ಷತ್ರಗಳ ನಕ್ಷೆ ಎಂಬ ಮಾತಿಗೆ ಇರುವ ತೊಡಕು ಸರಳವಾದದ್ದು. ಬಂಡೆಯ ಮೇಲೆ ಐವತ್ತು ಚುಕ್ಕಿಗಳಿದ್ದರೆ, ಅವುಗಳಲ್ಲಿ ಏಳನ್ನು ಆಯ್ದು ಸಪ್ತರ್ಷಿಮಂಡಲವೆನ್ನಲು ಯಾರಿಗೂ ಕಷ್ಟವಿಲ್ಲ. ಮಿಕ್ಕ ನಲವತ್ತಮೂರು ಏಕಿವೆ ಎಂಬುದಕ್ಕೆ ಉತ್ತರವಿರುವುದಿಲ್ಲ. ಬಲಿಯ ರಕ್ತದ ಮಾತಿಗೂ ಆಧಾರವಿಲ್ಲ. ನೆಟ್ಟಗೆ ನಿಂತ ಕಲ್ಲಿನ ಮೈಯಲ್ಲಿಯೂ ಗುಳಿಗಳಿವೆ, ಅವುಗಳಲ್ಲಿ ಯಾವ ದ್ರವವೂ ನಿಲ್ಲುವುದಿಲ್ಲ.

ಹಾಗಾದರೆ ತಿಳಿಯಬಹುದಾದದ್ದು ಏನೂ ಇಲ್ಲವೇ? ಇದೆ, ಬಹಳ ಇದೆ. ಆದರೆ ಅದನ್ನು ಗುಳಿಯ ಆಕಾರದಲ್ಲಿ ಹುಡುಕುವುದಕ್ಕಿಂತ, ಗುಳಿ ಎಲ್ಲಿದೆ ಎಂಬುದರಲ್ಲಿ ಹುಡುಕಬೇಕು. ರಿಚರ್ಡ್ ಬ್ರ್ಯಾಡ್ಲಿ ಎಂಬ ಪುರಾತತ್ತ್ವಜ್ಞರು 1990ರ ದಶಕದಲ್ಲಿ ಈ ದಿಕ್ಕಿಗೆ ಅಧ್ಯಯನವನ್ನು ತಿರುಗಿಸಿದರು. ದೂರದಿಂದ ಕಾಣುವ ದೊಡ್ಡ ಕೋಡುಗಲ್ಲುಗಳ ಮೇಲೆ ಕೊರೆತಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಹುತೇಕ ನೆಲದ ಮಟ್ಟದಲ್ಲಿ ಚಪ್ಪಟೆಯಾಗಿ ಮಲಗಿರುವ, ಹತ್ತು ಹೆಜ್ಜೆ ದೂರದಿಂದ ಗೊತ್ತಾಗದ ಹಾಸುಬಂಡೆಗಳ ಮೇಲಿವೆ. ಆದರೆ ಆ ಬಂಡೆಯ ಬಳಿ ನಿಂತರೆ ಕಣಿವೆ ಕಾಣುತ್ತದೆ, ನದಿಯ ತಿರುವು ಕಾಣುತ್ತದೆ, ಎದುರು ಬೆಟ್ಟಕ್ಕೆ ಹೋಗುವ ಕಣಿವೆದಾರಿ ಕಾಣುತ್ತದೆ. ಅಂದರೆ ಆ ಜಾಗ ಮೊದಲೇ ಗೊತ್ತಿದ್ದವರು ಅಲ್ಲಿಗೆ ಬರುತ್ತಿದ್ದರು. ದನಕರು ಹೊಡೆದುಕೊಂಡು ಋತುವಿಗೆ ತಕ್ಕಂತೆ ಮೇಲೆ ಕೆಳಗೆ ಓಡಾಡುತ್ತಿದ್ದ ಜನರ ದಾರಿಯ ಮೇಲೆ ಈ ಬಂಡೆಗಳಿದ್ದವು ಎಂದು ತಿಳಿಯಲು ಅವಕಾಶವಿದೆ. ಹೆಚ್ಚು ಜಟಿಲವಾದ ಕೊರೆತಗಳು ಕಣಿವೆಯ ಬಾಯಲ್ಲಿ, ಅಂದರೆ ಹೊರಗಿನವರೂ ಹಾದುಹೋಗುವ ಕಡೆ ಕಾಣಿಸಿಕೊಳ್ಳುವುದನ್ನೂ ಬ್ರ್ಯಾಡ್ಲಿ ಗುರುತಿಸಿದರು. ಸ್ಕಾಟ್ಲೆಂಡಿನ ಕಿಲ್‌ಮಾರ್ಟಿನ್ ಕಣಿವೆಯ ಸುತ್ತಲಿನ ಬಂಡೆಗಳು ಇದಕ್ಕೆ ಹೆಸರುವಾಸಿ. ಅಲ್ಲಿನ ಆಕ್ನಬ್ರೆಕ್ ಎಂಬಲ್ಲಿ ಒಂದು ಉಂಗುರದ ಹರವು ಸುಮಾರು ಒಂದು ಮೀಟರ್ ಇದೆ.

ಇನ್ನೊಂದು ಸಾಕ್ಷ್ಯ ನನ್ನ ಮನಸ್ಸನ್ನು ತುಂಬ ಹಿಡಿದದ್ದು. ನಾರ್ತಂಬರ್ಲೆಂಡಿನ ಫೌಬರಿ ಮತ್ತು ವೀಟ್‌ವುಡ್ ಎಂಬ ಬಯಲುಗಳಲ್ಲಿ ಕಲ್ಲುಗುಪ್ಪೆಯ ಸಮಾಧಿಗಳನ್ನು ಬಿಡಿಸಿ ನೋಡಿದಾಗ, ಬಟ್ಟಲುಗುಳಿ ಕೊರೆದ ಸಣ್ಣ ಕಲ್ಲುಗಳು ಸಿಕ್ಕವು. ಕುಟ್ಟಿದ ಏಟಿನ ಗುರುತುಗಳು ಹೊಸದಾಗಿಯೇ ಇದ್ದವು. ಎಂದರೆ ಕೊರೆದ ಮೇಲೆ ಅವು ಹೆಚ್ಚು ಕಾಲ ಮಳೆಗಾಳಿ ಕಂಡಿರಲಿಲ್ಲ. ಅನೇಕ ಕಲ್ಲುಗಳನ್ನು ಕೊರೆದ ಮೈ ಕೆಳಗಾಗುವಂತೆ, ಸತ್ತವರ ಕಡೆಗೆ ಮುಖಮಾಡಿ ಇಡಲಾಗಿತ್ತು. ಬದುಕಿರುವವರ ಕಣ್ಣಿಗೆ ಬೀಳದಂತೆ ಇಟ್ಟ ಗುರುತನ್ನು ಅಲಂಕಾರವೆನ್ನಲು ಆಗುವುದಿಲ್ಲ. ತೆರೆದ ಬಂಡೆಯ ಮೇಲೆ ಒಂದು ಕಾಲಕ್ಕೆ ಒಂದು ಅರ್ಥವಿದ್ದದ್ದು, ಸಮಾಧಿಯೊಳಗೆ ಬಂದಾಗ ಮತ್ತೊಂದು ಅರ್ಥ ಪಡೆದಿರಬೇಕು. ಎರಡು ಸಾವಿರ ವರ್ಷ ನಡೆದುಬಂದ ಒಂದು ಪದ್ಧತಿಗೆ ಒಂದೇ ಅರ್ಥ ಹುಡುಕುತ್ತಿದ್ದೇವೆಂಬುದೇ 104 ವಿವರಣೆಗಳೂ ಸೋತದ್ದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಇಲ್ಕ್ಲಿಯಲ್ಲಿ ಸ್ವಸ್ತಿಕದ ಕಲ್ಲೊಂದಿದೆಯಂತೆ. ನಮ್ಮ ಸ್ವಸ್ತಿಕ ಅಷ್ಟು ಹಿಂದೆಯೇ ಅಲ್ಲಿಗೆ ಹೋಗಿತ್ತೆಂಬುದಕ್ಕೆ ಇದು ಸಾಕ್ಷಿಯಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಸ್ವಸ್ತಿಕ ಸ್ಟೋನ್ ಎಂಬ ಹೆಸರಿನ ಬಂಡೆ ಇರುವುದು ನಿಜ. ವುಡ್‌ಹೌಸ್ ಕ್ರ್ಯಾಗ್ ಎಂಬ ಬಂಡೆಯ ಅಂಚಿನಲ್ಲಿ, ವಾರ್ಫ್ ಕಣಿವೆಯನ್ನು ನೋಡುವಂತೆ, ಕಬ್ಬಿಣದ ಬೇಲಿಯೊಳಗೆ ಅದಿದೆ. ಆದರೆ ಆ ಹೆಸರನ್ನು ಇಟ್ಟವರು ವಿಕ್ಟೋರಿಯಾ ರಾಣಿಯ ಕಾಲದವರು, ಕೊರೆದವರಲ್ಲ. ನಮ್ಮ ಮನೆಯ ಬಾಗಿಲಲ್ಲಿ, ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆಯುವ ಸ್ವಸ್ತಿಕದ ಕೈಗಳು ನೇರ, ಮೂಲೆಗಳು ಚೌಕ. ಇಲ್ಕ್ಲಿಯ ಆಕೃತಿಯ ಕೈಗಳು ಬಳ್ಳಿಯಂತೆ ಬಾಗಿವೆ, ಗುಳಿಗಳನ್ನು ಬಳಸಿಕೊಂಡು ತೋಡು ಸುತ್ತಿ ಬರುತ್ತದೆ, ಒಂದು ಕೈಗೆ ಬಾಲದಂಥ ಇನ್ನೊಂದು ಕೊಂಡಿಯೂ ಇದೆ. ಇದಕ್ಕೆ ಹತ್ತಿರದ ಹೋಲಿಕೆ ಸಿಗುವುದು ಉತ್ತರ ಇಟಲಿಯ ವಾಲ್ ಕಮೋನಿಕಾ ಕಣಿವೆಯ ಬಂಡೆಗಳಲ್ಲಿ. ಅಲ್ಲಿ ಕಮೂನಿಯದ ಗುಲಾಬಿ ಎಂದು ಕರೆಯುವ ಆಕೃತಿ ಅನೇಕ ಕಡೆ ಇದೆ, ಅದು ಕಬ್ಬಿಣದ ಯುಗದ್ದು. ಹೀಗಾಗಿ ಇಲ್ಕ್ಲಿಯದು ಉಳಿದ ಬಟ್ಟಲುಗುಳಿಗಳಿಗಿಂತ ಬಹಳ ಈಚಿನದಿರಬಹುದೆಂಬ ಅಭಿಪ್ರಾಯವಿದೆ. ಕಂಚಿನ ಯುಗದ್ದೆನ್ನುವವರೂ ಇದ್ದಾರೆ. ಭಾರತಕ್ಕೂ ಅದಕ್ಕೂ ನಂಟು ಕಲ್ಪಿಸಲು ಯಾವ ಸಾಕ್ಷ್ಯವೂ ಇಲ್ಲ. ನೋಡಲು ಹೋಗುವವರಿಗೆ ಒಂದು ಮಾತು: ಬೇಲಿಯೊಳಗೆ ಮುಂದುಗಡೆ ಎದ್ದು ಕಾಣುವ ಆಕೃತಿ ಆಮೇಲೆ ಮಾಡಿಟ್ಟ ಪ್ರತಿಕೃತಿ. ಮೂಲ ಕೊರೆತ ಅದರ ಹಿಂದಿನ ಬಂಡೆಯ ಮೇಲೆ, ತೀರ ಮಸುಕಾಗಿದೆ. ಅನೇಕರು ಪ್ರತಿಕೃತಿಯ ಚಿತ್ರವನ್ನೇ ತೆಗೆದುಕೊಂಡು ಬರುತ್ತಾರೆ.

ಪ್ರಶ್ನೆ: ಭಾರತದಲ್ಲಿ ಇಂಥವು ಇಲ್ಲವೇ? ಬಳ್ಳಾರಿಯ ಕಪ್ಪಗಲ್ಲಿನ ಗುಡ್ಡದ ಕೊರೆತಗಳಿಗೂ ಇವಕ್ಕೂ ಸಂಬಂಧವಿದೆಯೇ? (ಬಳ್ಳಾರಿಯ ಓದುಗರು)

ಉತ್ತರ: ಇವೆ, ಅವನ್ನು ಬ್ರಿಟನ್ನಿನವುಗಳ ಜೊತೆ ಹೋಲಿಸಿದ ಇತಿಹಾಸವೂ ಹಳೆಯದು. ಬಂಗಾಳದ ಸಿವಿಲ್ ಸೇವೆಯಲ್ಲಿದ್ದ ರಿವೆಟ್-ಕಾರ್ನಾಕ್ ಎಂಬ ಅಧಿಕಾರಿ ಕುಮಾವೂಂ ಬೆಟ್ಟಗಳಲ್ಲಿ ದ್ವಾರಾಹಾಟದ ಹತ್ತಿರ, ಚಂದೇಶ್ವರ ಎಂಬ ಶಿವಾಲಯದ ಬಳಿಯ ಬಂಡೆಯ ಮೇಲೆ ಇನ್ನೂರಕ್ಕೂ ಹೆಚ್ಚು ಬಟ್ಟಲುಗುಳಿಗಳನ್ನು ಕಂಡು, 1877ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಮೇಲೆ ಹೇಳಿದ ಸಿಂಪ್ಸನ್ ಅವರ ಕೃತಿ ಅವರಿಗೆ ಗೊತ್ತಿತ್ತು. ನಾಗಪುರದ ಸುತ್ತಲಿನ ಕಲ್ಲುವೃತ್ತಗಳ ಕಲ್ಲುಗಳ ಮೇಲಿನ ಗುಳಿಗಳನ್ನೂ ಅವರು ಗಮನಿಸಿದ್ದರು. ಜುನಾಪಾನಿ ಎಂಬಲ್ಲಿ ಅಂಥವನ್ನು ಇಂದಿಗೂ ನೋಡಬಹುದು. ಆ ಕಾಲದ ಪದ್ಧತಿಯಂತೆ ಅವರು ಎರಡೂ ದೇಶದ ಗುಳಿಗಳಿಗೆ ಒಂದೇ ಜನಾಂಗದ ಮೂಲವನ್ನು ಊಹಿಸಲು ಹೊರಟರು. ಇಂದು ಅದಕ್ಕೆ ಬೆಲೆಯಿಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿದರೆ ಆಗುವ ಮೊದಲ ಆಕಾರವೇ ಗುಳಿ. ಅದನ್ನು ಕಲಿಯಲು ಯಾರೂ ಸಮುದ್ರ ದಾಟಬೇಕಾಗಿಲ್ಲ. ಮಧ್ಯಪ್ರದೇಶದ ದರಕೀ ಚಟ್ಟಾನ್ ಗುಹೆಯಲ್ಲಿ ಗಟ್ಟಿಯಾದ ಕ್ವಾರ್ಟ್ಜೈಟ್ ಕಲ್ಲಿನ ಮೇಲೆ ಐನೂರಕ್ಕೂ ಹೆಚ್ಚು ಗುಳಿಗಳಿವೆ. ಅವು ಇಲ್ಕ್ಲಿಯವಕ್ಕಿಂತ ಎಷ್ಟೋ ಪಟ್ಟು ಹಳೆಯವು, ಹಳೆಯ ಶಿಲಾಯುಗದವು ಎಂದು ಅಧ್ಯಯನ ಮಾಡಿದವರು ವಾದಿಸುತ್ತಾರೆ.

ಕಪ್ಪಗಲ್ಲಿನ ವಿಚಾರವನ್ನು ಕೇಳಿದ್ದು ಸಂತೋಷ. ಸಂಗನಕಲ್ಲಿನ ಪಕ್ಕದ ಆ ಗುಡ್ಡದ ಕೊರೆತಗಳು 1892ರಷ್ಟು ಹಿಂದೆಯೇ ವಿದ್ವಾಂಸರ ಗಮನಕ್ಕೆ ಬಂದಿದ್ದವು. ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕುಟ್ಟಿ ಮಾಡಿದ ಆ ಚಿತ್ರಗಳಲ್ಲಿ ಉದ್ದ ಕೊಂಬಿನ, ಇಣಿಯುಳ್ಳ ಗೂಳಿಗಳದೇ ಮೇಲುಗೈ, ಜೊತೆಗೆ ಮನುಷ್ಯರೂ ಇದ್ದಾರೆ. ಬ್ರಿಟನ್ನಿನ ಕೊರೆತಗಳಲ್ಲಿ ಪ್ರಾಣಿಗಳೇ ಇಲ್ಲವೆನ್ನುವಷ್ಟು ಅಪರೂಪ. ಸ್ಕಾಟ್ಲೆಂಡಿನಲ್ಲಿ ಇತಿಹಾಸಪೂರ್ವ ಕಾಲದ ಪ್ರಾಣಿಚಿತ್ರ ಖಚಿತವಾಗಿ ಸಿಕ್ಕದ್ದು ತೀರ ಈಚೆಗೆ. ಕಿಲ್‌ಮಾರ್ಟಿನ್ ಕಣಿವೆಯ ಡನ್‌ಕ್ರೇಗೈಗ್ ಕಲ್ಲುಗುಪ್ಪೆಯೊಳಗೆ ಕಂಡ ಜಿಂಕೆಗಳ ಸುದ್ದಿಯನ್ನು 2021ರಲ್ಲಿ ಪ್ರಕಟಿಸಿದರು. ಆದ್ದರಿಂದ ಎರಡರ ನಡುವೆ ನೇರ ಸಂಬಂಧವಿಲ್ಲ.

ಆದರೆ ಕಪ್ಪಗಲ್ಲಿನಲ್ಲಿ ನಾವು ಕಲಿಯಬಹುದಾದ ಒಂದು ವಿಷಯವಿದೆ. ಅಲ್ಲಿನ ಕೆಲವು ಬಂಡೆಗಳ ಅಂಚಿನಲ್ಲಿ ಗುಳಿಗಳೂ ತೋಡುಗಳೂ ಆಗಿವೆ. ಆ ಜಾಗಕ್ಕೆ ಕಲ್ಲಿನಿಂದ ಹೊಡೆದರೆ ಬಂಡೆ ಜಾಗಟೆಯಂತೆ ನಾದ ಕೊಡುತ್ತದೆ. ಪುರಾತತ್ತ್ವಜ್ಞೆ ನಿಕೋಲ್ ಬೊವಾನ್ ಅವರು 2004ರಲ್ಲಿ ಈ ಬಗ್ಗೆ ವಿವರವಾಗಿ ಬರೆದಿದ್ದಾರೆ. ಅಲ್ಲಿ ಗುಳಿಯು ಗುರಿಯಾಗಿರಲಿಲ್ಲ, ನಾದ ಹೊರಡಿಸಿದ್ದರ ಗುರುತಾಗಿ ಉಳಿಯಿತು. ಕುಟ್ಟುವ ಸದ್ದು, ಕುಟ್ಟುವ ಜನರ ಕೂಟ, ಕುಟ್ಟಿದ ಕಲ್ಲಿನ ಪುಡಿ, ಇವುಗಳಿಗೂ ಅರ್ಥವಿದ್ದಿರಬಹುದೆಂಬ ಆಲೋಚನೆ ಯಾರ್ಕ್‌ಶೈರಿನ ಮರಳುಗಲ್ಲಿನ ಮುಂದೆ ನಿಂತವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಅದು ನಾದ ಕೊಡುವ ಕಲ್ಲಲ್ಲ. ಕಪ್ಪಗಲ್ಲಿನ ಗುಡ್ಡದ ಪಕ್ಕದಲ್ಲಿಯೇ ಕಲ್ಲುಗಣಿಗಾರಿಕೆ ನಡೆದು ಕೊರೆತಗಳಿಗೆ ಅಪಾಯ ಒದಗಿದ್ದನ್ನು ಬಳ್ಳಾರಿಯ ತಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಾನು ಗ್ಲಾಸ್ಗೋದಲ್ಲಿ ಓದುತ್ತಿದ್ದೇನೆ. ಇಲ್ಲಿ ಹತ್ತಿರದಲ್ಲೇ ಒಂದು ದೊಡ್ಡ ಕೊರೆತದ ಬಂಡೆಯನ್ನು ಮಣ್ಣಿನಲ್ಲಿ ಹೂತುಬಿಟ್ಟಿದ್ದಾರೆಂದು ಕೇಳಿ ಬೇಸರವಾಯಿತು. ಹೂಳುವ ಬದಲು ವಸ್ತುಸಂಗ್ರಹಾಲಯಕ್ಕೆ ತಂದಿಡಬಾರದೇ? ಅಲ್ಲದೆ, ಬೆಟ್ಟದಲ್ಲಿ ಅಲೆದಾಡುವಾಗ ಹೊಸ ಗುಳಿಗಳು ಕಂಡರೆ ಏನು ಮಾಡಬೇಕು?

ಉತ್ತರ: ತಾವು ಹೇಳುತ್ತಿರುವುದು ಕೊಕ್ನೋ ಸ್ಟೋನ್ ಎಂಬ ಬಂಡೆಯನ್ನು. ಸುಮಾರು 13 ಮೀಟರ್ ಉದ್ದ, 8 ಮೀಟರ್ ಅಗಲದ ಆ ಹಾಸುಬಂಡೆಯ ಮೇಲೆ ಹತ್ತಾರು ಬಟ್ಟಲು-ಉಂಗುರಗಳಿವೆ. 19ನೆಯ ಶತಮಾನದ ಕೊನೆಯಲ್ಲಿ ಅದು ಬೆಳಕಿಗೆ ಬಂತು. 1937ರಲ್ಲಿ ಲುಡೋವಿಕ್ ಮನ್ ಎಂಬ ಹವ್ಯಾಸಿ ಪುರಾತತ್ತ್ವಜ್ಞರು, ಕೊರೆತಗಳು ಚೆನ್ನಾಗಿ ಕಾಣಲೆಂದು, ತಮ್ಮ ಸಿದ್ಧಾಂತಕ್ಕೆ ತಕ್ಕ ಗೆರೆಗಳನ್ನೂ ಸೇರಿಸಿ ಬಂಡೆಗೆ ಬಣ್ಣ ಬಳಿದರು. ಜನ ಗುಂಪುಗುಂಪಾಗಿ ನೋಡಲು ಬಂದರು, ಬಂಡೆಯ ಮೇಲೆ ನಡೆದಾಡಿದರು, ತಮ್ಮ ಹೆಸರುಗಳನ್ನು ಕೆತ್ತಿದರು. ಇದನ್ನು ತಡೆಯಲಾಗದೆ 1965ರಲ್ಲಿ ಅದನ್ನು ಮಣ್ಣಿನಿಂದ ಮುಚ್ಚಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ಕೆನ್ನಿ ಬ್ರೋಫಿ ಅವರ ತಂಡ 2015 ಮತ್ತು 2016ರಲ್ಲಿ ಮಣ್ಣು ತೆಗೆದು, ಮೂರು ಆಯಾಮದ ಪೂರ್ಣ ದಾಖಲೆ ಮಾಡಿಕೊಂಡು, ಮತ್ತೆ ಮುಚ್ಚಿತು. ತಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಮುಚ್ಚಿದ್ದೇ ಸರಿಯೆಂದು ನನ್ನ ಅಭಿಪ್ರಾಯ.

ತಂದಿಡುವುದರ ಫಲ ಏನೆಂಬುದನ್ನು ಇಲ್ಕ್ಲಿಯಲ್ಲೇ ನೋಡಬಹುದು. ಪನೋರಮಾ ಸ್ಟೋನ್ಸ್ ಎಂಬ ಕೊರೆದ ಬಂಡೆಗಳು ಮನೆಗಳನ್ನು ಕಟ್ಟುವ ಜಾಗದಲ್ಲಿದ್ದುದರಿಂದ, ಅವನ್ನು 19ನೆಯ ಶತಮಾನದ ಕೊನೆಯಲ್ಲಿ ಕಿತ್ತು ತಂದು ಊರೊಳಗೆ ಸೇಂಟ್ ಮಾರ್ಗರೆಟ್ ಚರ್ಚಿನ ಎದುರು ಬೇಲಿಯೊಳಗೆ ಇಟ್ಟರು. ಕಾಪಾಡುವ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಮೊದಲ ಚಿತ್ರಗಳಲ್ಲಿ ಸ್ಪಷ್ಟವಾಗಿದ್ದ ಉಂಗುರಗಳೂ, ಏಣಿಯಂಥ ಅಪರೂಪದ ಗೆರೆಗಳೂ ಇಂದು ಅಲ್ಲಿ ಕಷ್ಟಪಟ್ಟರೆ ಮಾತ್ರ ಕಾಣುತ್ತವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಬಂಡೆಗಳ ಬಳಿ ನಿಂತು ಏನು ಕಾಣುತ್ತಿತ್ತು ಎಂಬುದನ್ನು ಇನ್ನು ಯಾರೂ ತಿಳಿಯಲಾರರು. ಜಾಗವೇ ಸಾಕ್ಷ್ಯವೆಂದು ಮೇಲೆ ಹೇಳಿದೆನಲ್ಲ, ಆ ಸಾಕ್ಷ್ಯ ಅಲ್ಲಿ ಅಳಿಸಿಹೋಗಿದೆ.

ಬೆಟ್ಟದಲ್ಲಿರುವುದಕ್ಕೂ ಅಪಾಯ ತಪ್ಪಿದ್ದಲ್ಲ. 2003ರ ಸೆಪ್ಟೆಂಬರಿನಲ್ಲಿ ನಾರ್ತ್ ಯಾರ್ಕ್ ಮೂರ್ಸ್‌ನ ಫೈಲಿಂಗ್‌ಡೇಲ್ಸ್ ಬಯಲಿಗೆ ಬೆಂಕಿ ಬಿದ್ದು ಎರಡು ಚದರ ಕಿಲೋಮೀಟರಿಗೂ ಹೆಚ್ಚು ನೆಲ ಸುಟ್ಟಾಗ, ಹೆದರ್ ಪೊದೆಯ ಕೆಳಗೆ ಅಡಗಿದ್ದ ಅನೇಕ ಕೊರೆದ ಕಲ್ಲುಗಳು ಹೊರಬಂದವು. ಶೋಧವೆಂದು ಸಂತೋಷಪಡಬೇಕೋ, ಕಾವಿಗೆ ಕಲ್ಲಿನ ಮೈ ಸಿಪ್ಪೆಯೇಳುತ್ತದೆಂದು ಮರುಗಬೇಕೋ ತಿಳಿಯದ ಸ್ಥಿತಿ. ಬೇಸಿಗೆಯಲ್ಲಿ ಮೂರ್ ಮೇಲೆ ಹೋಗುವವರು ಬೆಂಕಿಕಡ್ಡಿಯನ್ನಾಗಲಿ ಒಮ್ಮೆ ಬಳಸಿ ಎಸೆಯುವ ಬಾರ್ಬೆಕ್ಯೂ ತಟ್ಟೆಯನ್ನಾಗಲಿ ಒಯ್ಯಬಾರದು.

ಹೊಸ ಗುಳಿ ಕಂಡರೆ ಮಾಡಬೇಕಾದದ್ದನ್ನು ಹೇಳುತ್ತೇನೆ. ಪಾಚಿಯನ್ನು ಕೆರೆಯಬೇಡಿ, ಪಾಚಿಯ ಜೊತೆ ಕಲ್ಲಿನ ಹರಳೂ ಏಳುತ್ತದೆ. ಸೀಮೆಸುಣ್ಣ ತುಂಬಬೇಡಿ, ಮೇಲೆ ಕಾಗದವಿಟ್ಟು ಉಜ್ಜಬೇಡಿ, ಹುಲ್ಲಿನ ಹೊದಿಕೆಯನ್ನು ಕಿತ್ತು ‘ಮುಂದೆ ಎಷ್ಟಿದೆ’ ಎಂದು ನೋಡಬೇಡಿ. ಇವುಗಳಲ್ಲಿ ಅನೇಕ ಬಂಡೆಗಳು 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅನುಮತಿಯಿಲ್ಲದೆ ಕೈಹಾಕಿದರೆ ಅಪರಾಧವೂ ಆಗುತ್ತದೆ. ಬದಲಿಗೆ ಫೋನಿನಲ್ಲಿ ಜಾಗದ ಅಕ್ಷಾಂಶ, ರೇಖಾಂಶ ಗುರುತುಹಾಕಿಕೊಳ್ಳಿ; ಪಕ್ಕದಲ್ಲಿ ಅಳತೆಗೊಂದು ನಾಣ್ಯವನ್ನೋ ಪೆನ್ನನ್ನೋ ಇಟ್ಟು ಹತ್ತಿರದಿಂದ ಒಂದು, ಸುತ್ತಲಿನ ನೋಟ ಕಾಣುವಂತೆ ಇನ್ನೊಂದು ಚಿತ್ರ ತೆಗೆಯಿರಿ. ಎಲ್ಲ ಕಡೆಯಿಂದಲೂ ಒಂದರ ಮೇಲೊಂದು ಸ್ವಲ್ಪ ಬರುವಂತೆ ನಲವತ್ತು, ಐವತ್ತು ಚಿತ್ರ ತೆಗೆದರೆ, ಅವುಗಳಿಂದಲೇ ಗಣಕಯಂತ್ರದಲ್ಲಿ ಬಂಡೆಯ ಮೂರು ಆಯಾಮದ ಮಾದರಿಯನ್ನು ಕಟ್ಟಬಹುದು. ಸ್ಕಾಟ್ಲೆಂಡಿನಲ್ಲಿ 2017ರಿಂದ 2021ರ ವರೆಗೆ ನಡೆದ ಶಿಲಾಕಲೆಯ ಯೋಜನೆಯಲ್ಲಿ ಸ್ಥಳೀಯ ಸ್ವಯಂಸೇವಕರು ಹೀಗೆಯೇ ಸಾವಿರಕ್ಕೂ ಹೆಚ್ಚು ಬಂಡೆಗಳನ್ನು ದಾಖಲಿಸಿದರು. ರೋಂಬಾಲ್ಡ್ಸ್ ಮೂರ್‌ನ ನಾನೂರಕ್ಕೂ ಹೆಚ್ಚು ಬಂಡೆಗಳ ದಾಖಲೆಯಲ್ಲಿಯೂ ಸ್ವಯಂಸೇವಕರ ಪಾಲು ದೊಡ್ಡದು. ನಾರ್ತಂಬರ್ಲೆಂಡಿನ ಸಾವಿರಕ್ಕೂ ಹೆಚ್ಚು ಬಂಡೆಗಳ ವಿವರ ಇಂದು ಎಲ್ಲರಿಗೂ ಸಿಗುವಂತಾಗಿರುವುದಕ್ಕೆ ಮೂಲ, ಸ್ಟ್ಯಾನ್ ಬೆಕನ್ಸಾಲ್ ಎಂಬ ಶಾಲಾ ಶಿಕ್ಷಕರು ದಶಕಗಳ ಕಾಲ ಬಿಡುವಿನ ದಿನಗಳಲ್ಲಿ ನಡೆದು, ಬರೆದು, ನ್ಯೂಕಾಸಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಸಂಗ್ರಹ.

ಚಿತ್ರಗಳನ್ನೂ ಜಾಗದ ಗುರುತನ್ನೂ ಸ್ಕಾಟ್ಲೆಂಡಿನಲ್ಲಾದರೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆಗೆ, ಇಂಗ್ಲೆಂಡಿನಲ್ಲಾದರೆ ಆಯಾ ಪ್ರಾಂತ್ಯದ ಪುರಾತತ್ತ್ವ ದಾಖಲೆ ಕಚೇರಿಗೆ ಕಳುಹಿಸಿ. ಅವರು ಒಪ್ಪಿ ದಾಖಲಿಸುವ ತನಕ ಜಾಗದ ಗುರುತನ್ನು ಜಾಲತಾಣಗಳಲ್ಲಿ ಹಾಕದಿದ್ದರೆ ಒಳ್ಳೆಯದು. ಬಂಡೆಯ ಬಳಿ ನಿಂತಾಗ ಯಾವ ಕಣಿವೆ, ಯಾವ ಹೊಳೆ ಕಾಣುತ್ತದೆ ಎಂಬುದನ್ನು ಕೂಡ ಎರಡು ಸಾಲು ಬರೆದು ಜೊತೆಗಿಡಿ.